ಕೀತ್ ತಾನೇ ಹೇಳಬೇಕಾಗಿದ್ದ ಮಾತು

ಹಿಡಿಯುವವನ ಹೆಸರು ಯಾರಿಗೂ ನೆನಪಿರುವುದಿಲ್ಲ. ಗುಬ್ಬಿ ತಾಲ್ಲೂಕಿನ ನಮ್ಮ ಶಾಲೆಯ ಕಬಡ್ಡಿ ತಂಡದಲ್ಲಿ ನಾನು ಎಡ ಮೂಲೆಯಲ್ಲಿ ನಿಂತು ಎದುರಾಳಿಯ ಕಾಲು ಹಿಡಿಯುತ್ತಿದ್ದವನು. ರೈಡಿಗೆ ಹೋಗಿ ಮುಟ್ಟಿ ಬಂದವನನ್ನು ಹೆಗಲ ಮೇಲೆ ಹೊತ್ತು ಮೆರೆಸುತ್ತಿದ್ದರು. ಮಂಡಿ ತರಚಿಕೊಂಡ ನಾನು ಮನೆಗೆ ಹೋಗಿ ಅರಿಶಿನ ಹಚ್ಚಿಕೊಳ್ಳುತ್ತಿದ್ದೆ. ಅದಕ್ಕೇ ಇರಬೇಕು, ಅಮೆರಿಕದ ಷಾರ್ಲಟ್ಟಿನ ಫುಟ್‌ಬಾಲ್ ಕ್ಲಬ್ಬಿನ ವ್ಯಾನ್ ಓಡಿಸಲು ಸೇರಿದ ಮೊದಲ ವಾರದಲ್ಲೇ ನನ್ನ ಕಣ್ಣು ಹೋದದ್ದು ಒಬ್ಬನ ಮೇಲೆ. ಹಿಂದಿನ ಸಾಲಿನ ನಡುವೆ ನಿಂತು, ಕೈ ಎತ್ತಿ, ಅಕ್ಕಪಕ್ಕದ ಹುಡುಗರನ್ನು ಬೈಯುತ್ತ ಮುಂದೆ ನಡೆಸುತ್ತಿದ್ದ ಇಂಗ್ಲೆಂಡಿನವನು, ಕೀತ್ ಹಾರ್ಸ್‌ಫಾಲ್. ನಾಲ್ಕು ಜನ ಕೈ ಕೈ ಹಿಡಿದುಕೊಂಡವರಂತೆ ಒಟ್ಟಿಗೆ ಹೆಜ್ಜೆ ಇಡಬೇಕು, ಒಬ್ಬ ತಡ ಮಾಡಿದರೆ ಎದುರಾಳಿ ಒಳಗೆ ನುಗ್ಗಿದ ಹಾಗೆಯೇ. ಅದು ನಮ್ಮ ಕಬಡ್ಡಿಯ ಸರಪಳಿ. ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ನಾನು ಅಮೆರಿಕಕ್ಕೆ ಬಂದದ್ದು ನನ್ನ ಹೆಂಡತಿ ನೀಲಗಂಗಾಳ ಹಿಂದೆ. ಅವಳು ಅಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ಏಳನೇ ಕ್ಲಾಸು ಓದಿದ ನನಗೆ ಅಲ್ಲಿ ಗೊತ್ತಿದ್ದ ಕೆಲಸ ಡ್ರೈವಿಂಗ್ ಒಂದೇ. ವಾರವೆಲ್ಲ ಒಂದು ಶಿಶುವಿಹಾರದ ಮಕ್ಕಳನ್ನು ಒಯ್ಯುತ್ತಿದ್ದೆ, ಶನಿವಾರ ಭಾನುವಾರ ಈ ಫುಟ್‌ಬಾಲಿನ ಮಕ್ಕಳನ್ನು. ಎರಡನೆಯವರೇ ಹೆಚ್ಚು ಗಲಾಟೆ.

ಅಮೆರಿಕದವರಿಗೆ ನನ್ನ ಇಂಗ್ಲಿಷ್ ಅರ್ಥವಾಗುತ್ತಿರಲಿಲ್ಲ, ಕೀತ್‌ಗೆ ಆಗುತ್ತಿತ್ತು. ನಾನು ಪೆಟ್ರೋಲ್ ಅನ್ನುತ್ತಿದ್ದೆ, ಅವನೂ ಪೆಟ್ರೋಲ್ ಅನ್ನುತ್ತಿದ್ದ. ಉಳಿದವರೆಲ್ಲ ಗ್ಯಾಸ್. ಹಾಲು ಹಾಕಿದ ಬಿಸಿ ಚಹಾ ಕುಡಿಯುವವರೂ ಇಡೀ ವ್ಯಾನಿನಲ್ಲಿ ನಾವಿಬ್ಬರೇ. ನೀಲಗಂಗಾ ಫ್ಲಾಸ್ಕಿನಲ್ಲಿ ಹಾಕಿ ಕೊಡುತ್ತಿದ್ದ ಶುಂಠಿ ಚಹಾಕ್ಕಾಗಿ ಅವನು ಯಾವಾಗಲೂ ನನ್ನ ಪಕ್ಕದ ಸೀಟಿಗೇ ಬಂದು ಕೂರುತ್ತಿದ್ದ. ಅವನ ಮಾತನ್ನು ನನ್ನ ಮಾತಿನಲ್ಲೇ ಹೇಳುತ್ತೇನೆ, ನನಗೆ ಹಾಗೆಯೇ ನೆನಪಿರುವುದು.

ಒಂದು ಸಲ ಅಟ್ಲಾಂಟಾದಿಂದ ಬರುವಾಗ, ಗ್ಯಾಫ್ನಿಯ ಪೀಚ್ ಹಣ್ಣಿನಂಥ ನೀರಿನ ಟ್ಯಾಂಕ್ ದಾಟಿದ ಮೇಲೆ, ಅವನು ತನ್ನ ಕಥೆ ಹೇಳಿದ. ಹಿಂದೆ ಹುಡುಗರೆಲ್ಲ ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದರು.

"ಹದಿನಾರಕ್ಕೇ ಕ್ಲಬ್ ಸೇರ್ದೆ, ವೀರಣ್ಣ. ದೊಡ್ಡ ಆಟಗಾರ್ರ ಬೂಟು ಉಜ್ಜೋದು, ಸ್ಟೇಡಿಯಂ ಮೆಟ್ಲು ಗುಡ್ಸೋದು. ಇಪ್ಪತ್ತಾದಾಗ ಕಾರಿಡಾರಲ್ಲಿ ನಿಲ್ಸಿ, ನಾಳೆಯಿಂದ ಬರ್ಬೇಡ ಅಂದ್ರು. ಕೈಯಲ್ಲಿ ಬೇರೆಯವ್ರ ಬೂಟಿತ್ತು, ಅದನ್ನೂ ಕೆಳಗಿಡೋಕೆ ಬಿಡ್ಲಿಲ್ಲ."

"ಆಮೇಲೆ?"

"ಇನ್ನೊಂದು ಕ್ಲಬ್. ಅಲ್ಲಿ ಏಳು ವರ್ಷ. ನನ್ನ ಹೆಂಡ್ತಿ ಬೆಳಿಗ್ಗೆ ಹಾಲು ತರೋಕೆ ಅಂಗ್ಡಿಗೆ ಹೋದ್ರೆ ಪೇಪರಲ್ಲಿ ಬಂದಿತ್ತು, ಹಾರ್ಸ್‌ಫಾಲ್ ಹೊರಗೆ ಅಂತ. ಅವ್ಳಿಗೆ ಅಂಗ್ಡಿಯವ್ಳೇ ಸಮಾಧಾನ ಹೇಳಿದ್ಲು. ಮೂರನೇದ್ರಲ್ಲಿ ಮ್ಯಾನೇಜರ್ರು ಕಾರ್ ಪಾರ್ಕಿನಲ್ಲಿ ಹೇಳ್ದ. ಕಾರಿಂದ ಇಳೀಲೂ ಇಲ್ಲ, ಎಂಜಿನ್ನೂ ಆಫ್ ಮಾಡ್ಲಿಲ್ಲ."

ಅವನು ಚಹಾ ಮುಗಿಸಿ ಲೋಟವನ್ನು ಒರೆಸಿ ಫ್ಲಾಸ್ಕಿಗೆ ಮುಚ್ಚಿದ. "ಮೂರು ಸಲಾನೂ ಬೇರೆಯವ್ರೇ ಹೇಳಿದ್ದು. ಈ ಸಲ ನಾನೇ ಹೇಳ್ತೀನಿ. ಯಾವತ್ತು ಅಂತ ಗೊತ್ತಿಲ್ಲ. ಆದ್ರೆ ನನ್ನ ಬಾಯಿಂದಾನೇ ಬರ್ಬೇಕು, ಅಷ್ಟೆ."

ಎಷ್ಟು ದೊಡ್ಡ ಆಸೆ ಇದು, ಹೇಳಿ. ಕಪ್ ಬೇಡ, ಹಾರ ಬೇಡ. ಸಾಕು ಅನ್ನುವ ಒಂದು ಮಾತನ್ನು ತಾನೇ ಆಡಬೇಕು. ಅಷ್ಟನ್ನೂ ಕೊಡದ ಜನ ಇದ್ದಾರೆ ಪ್ರಪಂಚದಲ್ಲಿ.

ಆ ವರ್ಷದ ಆಗಸ್ಟ್, ಅಟ್ಲಾಂಟಾದಲ್ಲಿ ಒಲಿಂಪಿಕ್ಸ್ ಮುಗಿದು ಊರು ಬಿಡಾರ ಬಿಚ್ಚುತ್ತಿದ್ದ ಸಮಯ. ಋತುವಿನ ಕೊನೆಯ ಪಂದ್ಯಕ್ಕೆ ನಾವು ಮತ್ತೆ ಆ ಕಡೆ ಹೊರಟಿದ್ದೆವು. ಜೊತೆಗೆ ಡಾಕ್ಟರ್ ಪದ್ಮನಾಭ ಇದ್ದರು. ಮೈಸೂರಿನವರು, ಮೂಳೆ ಡಾಕ್ಟರು, ಇಪ್ಪತ್ತು ವರ್ಷದಿಂದ ಷಾರ್ಲಟ್ಟಿನಲ್ಲೇ ಇರುವವರು. ಅವರ ಮಗಳು ನಿಧಿ ಕೀತ್ ನಡೆಸುವ ಮಕ್ಕಳ ಶಿಬಿರದಲ್ಲಿ ಆಡುತ್ತಿದ್ದಳು. ಆ ನಂಟಿಗೆ ರಜೆ ಇದ್ದಾಗ ತಂಡದ ಜೊತೆ ಸುಮ್ಮನೆ ಬರುತ್ತಿದ್ದರು.

ಸ್ಪಾರ್ಟನ್‌ಬರ್ಗ್ ಹತ್ತಿರ ಪೆಟ್ರೋಲಿಗೆ ನಿಲ್ಲಿಸಿದೆ. ಹುಡುಗರು ಒಳಗೆ ಚಿಪ್ಸ್ ಕೊಳ್ಳಲು ಹೋದರು. ಮ್ಯಾನೇಜರ್ ಡೆನಿಸ್ ನನ್ನ ಪಕ್ಕ ಬಂದು ನಿಂತ. ಅವನಿಗೆ ಊರಲ್ಲಿ ಕಾರಿನ ಷೋರೂಂ ಇತ್ತು, ಯಾರ ಜೊತೆ ಮಾತಾಡಿದರೂ ಕಾರು ಮಾರುವವನ ಹಾಗೆಯೇ ನಗುತ್ತಿದ್ದ.

"ವೀರ್, ಮ್ಯಾಚ್ ಮುಗಿದ್ಮೇಲೆ ವ್ಯಾನ್ ತಕ್ಷಣ ಹೊರಡ್ಸಬೇಡ. ಕೀತ್ ಜೊತೆ ಎರಡು ನಿಮಿಷ ಮಾತಿದೆ. ಮುಂದಿನ ವರ್ಷ ಅವ್ನ ಜಾಗಕ್ಕೆ ಕಾಲೇಜಿಂದ ಒಬ್ಬ ಹುಡುಗ ಬರ್ತಿದಾನೆ."

"ಎಲ್ಲಿ ಮಾತಾಡ್ತೀರಿ?"

"ಅಲ್ಲೇ, ಪಾರ್ಕಿಂಗ್ ಲಾಟಲ್ಲಿ."

ನನಗೆ ಮೈಯೆಲ್ಲ ಉರಿಯಿತು. ಕೈಯಲ್ಲಿದ್ದ ಪೆಟ್ರೋಲ್ ಪೈಪನ್ನು ಅವನ ಕಡೆ ತಿರುಗಿಸಬೇಕು ಅನ್ನಿಸಿದ್ದು ಸುಳ್ಳಲ್ಲ. ಹುಡುಗ ಬರಲಿ, ಬೇಡ ಅನ್ನುವುದಿಲ್ಲ. ಮುದಿ ಎತ್ತನ್ನು ನೊಗದಿಂದ ಬಿಚ್ಚುವವನು ಕೂಡ ಒಂದು ಸಲ ಬೆನ್ನು ಸವರಿ ಬಿಚ್ಚುತ್ತಾನೆ. ನಾನು ಹೋಗಿ ಡಾಕ್ಟರರನ್ನು ಪಕ್ಕಕ್ಕೆ ಕರೆದು ಡೆನಿಸ್ ಅಂದದ್ದನ್ನು ಹೇಳಿದೆ.

"ಅವ್ನು ಹೇಳ್ದಿದ್ರೂ ನಾನು ಹೇಳ್ಲೇಬೇಕಾಗಿತ್ತು, ವೀರಣ್ಣ," ಅಂದರು ಅವರು. "ಎಕ್ಸ್‌ರೇ ನೋಡಿದೀನಿ. ಆ ಬಲಗಾಲಿನ ಮಂಡೀಲಿ ಏನೂ ಉಳಿದಿಲ್ಲ. ಇನ್ನೊಂದು ಸಲ ಸರಿಯಾಗಿ ತಿರುಚಿದ್ರೆ ಫಿನಿಷ್. ನೆಕ್ಸ್ಟ್ ವೀಕ್ ಕರೆದು ಆನೆಸ್ಟ್ ಆಗಿ ಹೇಳ್ಬಿಡ್ತೀನಿ."

"ನೀವೂ ಹೇಳ್ಬೇಡಿ ಡಾಕ್ಟ್ರೇ."

"ಏನ್ರೀ ಹಾಗಂದ್ರೆ? ಅದು ನನ್ನ ಡ್ಯೂಟಿ."

"ಗೊತ್ತು. ಅವ್ನಿಗೂ ಗೊತ್ತು. ಮೆಟ್ಲಿಳಿಯುವಾಗ ಕೈಲಿ ಕಂಬಿ ಹಿಡ್ಕೊಂಡು ಇಳೀತಾನೆ, ತನ್ನ ಮಂಡಿ ಸಂಗ್ತಿ ಅವ್ನಿಗೆ ಗೊತ್ತಿಲ್ವಾ? ಮೂರು ಸಲಾನೂ ಬೇರೆಯವ್ರೇ ಅವ್ನಿಗೆ ಸಾಕು ಅಂದಿದಾರೆ, ನೀವು ಬಾಯಿ ಬಿಟ್ರೆ ನೀವು ನಾಲ್ಕನೆಯವ್ರಾಗ್ತೀರ. ಸುಮ್ನಿರಿ."

ನನ್ನ ದನಿ ಜಾಸ್ತಿಯಾಗಿತ್ತೇನೋ, ಪಕ್ಕದ ಪಂಪಿನವನು ತಿರುಗಿ ನೋಡಿದ. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ನಿಮ್ಮ ಹತ್ರ ಬೈಸ್ಕೊಳ್ಳೋಕೆ ಫೀಸ್ ಬೇರೆ ಕೊಡ್ಬೇಕಾ?" ಅಂದರು. ಒಪ್ಪಿದರೋ ಇಲ್ಲವೋ ಹೇಳಲಿಲ್ಲ.

ವ್ಯಾನ್ ಹೊರಟಿತು. ಕೀತ್ ಹಿಂದಕ್ಕೆ ತಿರುಗಿ ಹುಡುಗರಿಗೆ ಪಾಠ ಶುರು ಮಾಡಿದ. ಅವರೆಲ್ಲ ಕಾಲೇಜು ಆಟದಿಂದ ಬಂದವರು. ಅಲ್ಲಿ ಬೋರ್ಡಿನ ಗಡಿಯಾರ ಹಿಂದಕ್ಕೆ ಎಣಿಸುತ್ತ ಸೊನ್ನೆಗೆ ಬರುತ್ತದೆ, ಭೋಂ ಎಂದು ಹಾರ್ನ್ ಕೂಗುತ್ತದೆ, ಆಟ ಮುಗಿಯುತ್ತದೆ. ನಮ್ಮ ಲೀಗಿನಲ್ಲಿ ಹಾಗಲ್ಲ. ಸಮಯ ರೆಫರಿಯ ಕೈಗಡಿಯಾರದಲ್ಲಿ, ಅವನು ಸೀಟಿ ಊದಿದಾಗಲೇ ಆಟ ಮುಗಿಯುವುದು. ಆದರೆ ನಾವು ಆಡುತ್ತಿದ್ದದ್ದು ಶಾಲೆ ಕಾಲೇಜುಗಳ ಮೈದಾನದಲ್ಲಿ, ನೋಡುವವರಿಗೆ ಬೇಕು ಎಂದು ಆ ಬೋರ್ಡನ್ನೂ ಹಾರ್ನನ್ನೂ ಅಲ್ಲಿನವರು ಹಾಗೆಯೇ ನಡೆಸುತ್ತಿದ್ದರು.

"ಹಾರ್ನ್ ನಿಮ್ಮಪ್ಪ ಅಲ್ಲ," ಅಂದ ಕೀತ್. "ಸೀಟಿ ಕೇಳ್ಬೇಕು. ಸೀಟಿ ಕೇಳೋ ತನಕ ನಿಮ್ಮ ಹೆಂಡ್ತಿ ಹೆರಿಗೆಗೆ ಹೋಗಿದ್ರೂ ನಿಲ್ಲಬಾರ್ದು."

"ನಮಗಿನ್ನೂ ಮದ್ವೇನೇ ಆಗಿಲ್ಲ, ತಾತ," ಅಂದ ಗೋಲ್‌ಕೀಪರ್ ಟಾಡ್. ಎಲ್ಲರೂ ನಕ್ಕರು.

"ಗೋಲು ಕಾಯೋದಕ್ಕೆ ಬರ್ದೇ ಇರೋನಿಗೆ ಯಾರು ಹೆಣ್ಣು ಕೊಡ್ತಾರೆ?"

ಪಂದ್ಯ ಐದು ಗಂಟೆಗೆ ಶುರುವಾಯಿತು. ಜಾರ್ಜಿಯಾದ ಬಿಸಿಲು, ಗಾಳಿ ಇಲ್ಲ, ಹುಲ್ಲಿನಿಂದ ಹಬೆ ಏಳುತ್ತಿತ್ತು. ಮೊದಲರ್ಧದಲ್ಲೇ ನಮ್ಮವರು ಒಂದು ಗೋಲು ಹೊಡೆದರು. ಆಮೇಲೆ ಪೂರಾ ಕೀತ್‌ನ ಆಟ. ಅವನು ಓಡುತ್ತಿರಲಿಲ್ಲ, ಓಡಲು ಕಾಲಿರಲಿಲ್ಲ. ಚೆಂಡು ಎಲ್ಲಿಗೆ ಬರುತ್ತದೋ ಅಲ್ಲಿ ಮುಂಚೆಯೇ ಹೋಗಿ ನಿಂತಿರುತ್ತಿದ್ದ, ಬಸ್ಸಿಗೆ ಕಾದವನ ಹಾಗೆ. ಅಟ್ಲಾಂಟಾ ಕಡೆಯ ಜಮೈಕಾದ ಹುಡುಗನೊಬ್ಬ ಕುದುರೆಯಂತೆ ನುಗ್ಗಿ ಬಂದರೆ, ಇವನು ಕೈ ಎತ್ತಿ, ಬೈದು, ಸಾಲನ್ನು ಒಂದು ಹೆಜ್ಜೆ ಮುಂದೆ ತರುತ್ತಿದ್ದ. ಹುಡುಗ ಆಫ್‌ಸೈಡ್ ಆಗಿ ಲೈನಿನವನ ಬಾವುಟ ಮೇಲೇಳುತ್ತಿತ್ತು. ಹುಡುಗ ಒಂದು ಸಲ ಬೇಸತ್ತು ಕೀತ್‌ನ ಭುಜ ತಟ್ಟಿ ಏನೋ ಅಂದ, ಇಬ್ಬರೂ ನಕ್ಕರು.

ಮಧ್ಯದಲ್ಲಿ ಯಾರೋ ಇಬ್ಬರು ತಲೆಗೆ ತಲೆ ಡಿಕ್ಕಿ ಹೊಡೆದು ಬಿದ್ದು ಆಟ ಬಹಳ ಹೊತ್ತು ನಿಂತಿತ್ತು. ಬೋರ್ಡಿನ ಗಡಿಯಾರ ಮಾತ್ರ ನಿಲ್ಲಲಿಲ್ಲ. ಅದು ಕೊನೆಯ ಹತ್ತಕ್ಕೆ ಬಂದಾಗ ಜನ ಎದ್ದು ನಿಂತು ಕೂಗಿ ಎಣಿಸತೊಡಗಿದರು. ಸೊನ್ನೆ. ಹಾರ್ನ್ ಕೂಗಿತು.

ನಮ್ಮ ಹುಡುಗರು ನಿಂತುಬಿಟ್ಟರು. ಇಬ್ಬರು ಅಪ್ಪಿಕೊಂಡರು. ಟಾಡ್ ಗೋಲಿಗೆ ಬೆನ್ನು ಹಾಕಿ ಎರಡೂ ಕೈ ಎತ್ತಿಕೊಂಡು ನಮ್ಮ ಬೆಂಚಿನ ಕಡೆ ನಡೆದು ಬಂದ. ನನ್ನ ಪಕ್ಕದಲ್ಲಿ ಡೆನಿಸ್ ಕೂಡ ಚಪ್ಪಾಳೆ ತಟ್ಟಿದ. ಸೀಟಿ ಕೇಳಿಸಿರಲಿಲ್ಲ.

ಮೈದಾನದಲ್ಲಿ ಇಬ್ಬರು ಮಾತ್ರ ನಿಂತಿರಲಿಲ್ಲ. ಜಮೈಕಾದ ಹುಡುಗ ಚೆಂಡು ತೆಗೆದುಕೊಂಡು ಓಡುತ್ತಿದ್ದ, ಕೀತ್ ಅವನ ಹಿಂದೆ ಓಡುತ್ತಿದ್ದ. ಅವನು ಓಡಿದ್ದನ್ನು ನಾನು ಆ ವರ್ಷದಲ್ಲಿ ನೋಡಿದ್ದು ಅದೊಂದೇ ಸಲ. ಬಲಗಾಲನ್ನು ಎಳೆದುಕೊಂಡು, ಕುತ್ತಿಗೆ ಮುಂದೆ ಚಾಚಿಕೊಂಡು, ಕಟ್ಟು ಕಿತ್ತ ಗೂಳಿಯ ಹಾಗೆ. ಹುಡುಗ ಖಾಲಿ ಗೋಲಿಗೆ ಮೆಲ್ಲಗೆ ಒದ್ದ. ಚೆಂಡು ಉರುಳುತ್ತ ಗೆರೆಯ ಹತ್ತಿರ ಬಂತು. ಕೀತ್ ನೆಲಕ್ಕೆ ಬಿದ್ದು, ಜಾರಿಕೊಂಡೇ ಹೋಗಿ, ಬಲಗಾಲಿನಿಂದಲೇ ಅದನ್ನು ಹೊರಗೆ ತಳ್ಳಿದ. ಅವನ ಪಾದ ಗೋಲಿನ ಕಂಬಕ್ಕೆ ಸಿಕ್ಕಿಕೊಂಡಿತು. ಮೈ ಮಾತ್ರ ಮುಂದೆ ಹೋಯಿತು.

ಆಮೇಲೆ ರೆಫರಿ ಸೀಟಿ ಊದಿದ.

ಡಾಕ್ಟರು ನನಗಿಂತ ಮುಂಚೆ ಓಡಿದರು. ನಾವಿಬ್ಬರೂ ಟಾಡೂ ಸೇರಿ ಅವನನ್ನು ಎತ್ತಿಕೊಂಡು ಬಂದು ವ್ಯಾನಿನ ಉದ್ದದ ಸೀಟಿನ ಮೇಲೆ ಮಲಗಿಸಿದೆವು. ಟಾಡ್ ಅಳುತ್ತಿದ್ದ.

"ಹೋಗಿ ಐಸ್ ತಗೊಂಡು ಬಾರೋ," ಅಂದ ಕೀತ್. "ಅತ್ರೆ ಮಂಡಿ ಬಾವು ಇಳಿಯಲ್ಲ."

ಅಷ್ಟರಲ್ಲಿ ಡೆನಿಸ್ ಅದೇ ನಗು ಇಟ್ಟುಕೊಂಡು ವ್ಯಾನಿನ ಹತ್ತಿರ ಬಂದ. "ಎರಡು ನಿಮಿಷ," ಅಂದ. ನಾನು ಜಾರುಬಾಗಿಲನ್ನು ಅವನ ಮೂಗಿನ ಮುಂದೆಯೇ ಎಳೆದೆ.

"ಒಳಗೆ ಡಾಕ್ಟ್ರು ನೋಡ್ತಿದಾರೆ. ಹೊರಗೆ ನಿಂತ್ಕೊಳ್ಳಿ."

"ವೀರ್, ಇದು ನನ್ನ ವ್ಯಾನು."

"ಬೀಗದ ಕೈ ನನ್ಹತ್ರ ಇದೆ," ಅಂದು ನಾನೂ ಮುಂದಿನ ಬಾಗಿಲಿನಿಂದ ಒಳಗೆ ಹತ್ತಿ ಕೂತೆ.

ಡಾಕ್ಟರ್ ಪದ್ಮನಾಭ ಮಂಡಿಯ ಮೇಲೆ ಎರಡೂ ಕೈ ಇಟ್ಟು ನಿಧಾನವಾಗಿ ಒತ್ತಿ ನೋಡಿದರು. ಒಂದು ಸಲ ಅಲುಗಿಸಿದರು. ಅವರ ಮುಖ ನೋಡಿದರೇ ತಿಳಿಯುತ್ತಿತ್ತು. ಆ ಮನುಷ್ಯ ದಿನಕ್ಕೆ ಹತ್ತು ಜನಕ್ಕೆ ಇಂಥ ಮಾತು ಹೇಳುವವರು, ನಾಲಿಗೆಯ ತುದಿಗೇ ಬಂದಿರಬೇಕು. ಅವರು ನನ್ನ ಕಡೆ ನೋಡಿದರು. ಆಮೇಲೆ ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಲು ಶುರು ಮಾಡಿದರು. ಒರೆಸಿದರು, ಒರೆಸಿದರು, ಗಾಜು ಸವೆಯುವಷ್ಟು ಒರೆಸಿದರು.

ಕೀತ್ ವ್ಯಾನಿನ ಚಾವಣಿ ನೋಡುತ್ತ ಮಲಗಿದ್ದ. ಹೊರಗೆ ಹುಡುಗರು ಹಾಡುತ್ತಿದ್ದರು.

"ಗೆರೆ ದಾಟಿತ್ತಾ ಚೆಂಡು?" ಅಂತ ಕೇಳಿದ.

"ಇಲ್ಲ," ಅಂದೆ. "ಅರ್ಧಾನೂ ದಾಟಿರ್ಲಿಲ್ಲ."

"ಚಹಾ ಇದ್ಯಾ?"

ಫ್ಲಾಸ್ಕಿನ ತಳದಲ್ಲಿ ಸ್ವಲ್ಪವೇ ಉಳಿದಿತ್ತು, ಅದೂ ತಣ್ಣಗಾಗಿತ್ತು. ಡಾಕ್ಟರು ಅವನ ತಲೆ ಎತ್ತಿ ಹಿಡಿದರು, ನಾನು ಕುಡಿಸಿದೆ. ಅವನು ಬಾಯಿ ಒರೆಸಿಕೊಂಡ.

"ಸಾಕು ಕಣಪ್ಪ ನಂಗೆ," ಅಂದ. "ಇಲ್ಲಿಗೆ ಸಾಕು."

ಡಾಕ್ಟರು ಕನ್ನಡಕ ಹಾಕಿಕೊಂಡು ಅವನ ಕೈ ಹಿಡಿದುಕೊಂಡರು. ನಾನು ಕಿಟಕಿಯ ಕಡೆ ತಿರುಗಿದೆ. ಅಲ್ಲಿ ಡೆನಿಸ್ ಕೈಗಡಿಯಾರ ನೋಡಿಕೊಳ್ಳುತ್ತಿದ್ದ.

"ಬಾಗ್ಲು ತೆಗಿ," ಅಂದ ಕೀತ್. "ಎಬ್ಬಿಸಿ ಕೂರಿಸಿ ನನ್ನ. ಮಲಗಿಕೊಂಡು ಹೇಳೋ ಮಾತಲ್ಲ."

ಡಾಕ್ಟರು ಬೇಡ ಅನ್ನಲು ಹೋದರು. ನಾನು ಅಷ್ಟರೊಳಗೆ ಹಿಂದೆ ಹೋಗಿ ಅವನ ಕಂಕುಳಿಗೆ ಕೈ ಕೊಟ್ಟಿದ್ದೆ. ಅವನು ಕೂತು, ಕೊಳೆಯಾದ ಅಂಗಿಯನ್ನು ಎಳೆದು ಸರಿ ಮಾಡಿಕೊಂಡು, ಕೂದಲು ಹಿಂದಕ್ಕೆ ತಳ್ಳಿಕೊಂಡ. ಬಾಗಿಲು ಸರಿಸಿದೆ.

"ಕೀತ್, ಗ್ರೇಟ್ ಗೇಮ್," ಎಂದು ಡೆನಿಸ್ ಶುರು ಮಾಡಿದ. "ನೋಡು, ನಾನು ನಿನ್ನ ಹತ್ರ ಒಂದು ವಿಷ್ಯ..."

"ಮೊದ್ಲು ನಾನು ಹೇಳ್ತೀನಿ," ಅಂದ ಕೀತ್. "ಮುಂದಿನ ವರ್ಷ ನಾನು ಆಡಲ್ಲ, ಡೆನಿಸ್. ಬೇರೆ ಯಾರನ್ನಾದ್ರೂ ನೋಡ್ಕೋ. ಎತ್ತರ ಇರೋನ್ನ ನೋಡು. ಬೇಗ ಹೇಳಿದ್ರೆ ನಿಂಗೆ ಅನುಕೂಲ ಅಂತ ಇವತ್ತೇ ಹೇಳ್ತಿದೀನಿ."

ಅಷ್ಟು ಕಾರು ಮಾರಿದ ಡೆನಿಸ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ನೀನಿಲ್ದೆ ಕಷ್ಟ ಆಗುತ್ತೆ," ಅಂದ. ಸುಳ್ಳೇ ಇರಲಿ, ಅವನು ಅದನ್ನು ಹೇಳಲೇಬೇಕಾಯಿತು. ನನಗೆ ಅಷ್ಟು ಸಾಕಿತ್ತು.

"ಆಗುತ್ತೆ," ಅಂದ ಕೀತ್. "ಮೊದ್ಲು ಈ ಹುಡುಗ್ರಿಗೆ ಸೀಟಿ ಕೇಳೋದು ಕಲಿಸು."

ಅವನು ನನಗೆ ಕಣ್ಣು ಹೊಡೆದು ಬಾಗಿಲು ಹಾಕು ಎಂದು ಸನ್ನೆ ಮಾಡಿದ. ಈ ಸಲ ನಾನು ಅದನ್ನು ಮೆಲ್ಲಗೆ ಎಳೆದೆ.