ಸೀಸೆಯ ಬೆವರು

ಬಟ್ಟೆಯ ಬಣ್ಣ ಬೆವರಿಗೆ ಬಿಡುತ್ತದೋ ಇಲ್ಲವೋ ಎಂದು ನೋಡುವುದಕ್ಕೆ ಗಿರಣಿಯ ಲ್ಯಾಬಿನಲ್ಲಿ ಬೆವರನ್ನೇ ತಯಾರಿಸುತ್ತಿದ್ದರು. ಉಪ್ಪು, ಒಂದಿಷ್ಟು ಹುಳಿ, ಇನ್ನೆರಡು ಪುಡಿ ತೂಗಿ ನೀರಿಗೆ ಹಾಕಿದರೆ ಸೀಸೆ ತುಂಬ ಬೆವರು. ಮಾಡುವವಳು ಹೊಸ ಕೆಮಿಸ್ಟ್. ಫ್ಯಾನಿನ ಕೆಳಗೆ ಕೂತ ಅವಳನ್ನು ಕಂಡರೆ ಬಣ್ಣದ ಮೇಸ್ತ್ರಿಗೆ ನಗು ತಡೆಯುತ್ತಿರಲಿಲ್ಲ.

"ಏನಮ್ಮಾ, ಮೈ ಬಗ್ಗಿಸದೆ ಬೆವರು ಸುರಿಸೋಳು ಅಂದ್ರೆ ನೀನೊಬ್ಳೇ ನೋಡು!"

ಆ ವಾರ ನೀಲಿ ಬಟ್ಟೆಯ ದೊಡ್ಡ ಲಾಟು ಬಂತು. ಸೀಸೆಯ ಬೆವರಿಗೆ ಬಣ್ಣ ಜಗ್ಗಲಿಲ್ಲ. ಅವಳು ಪಾಸ್ ಎಂದು ಬರೆದು ಸಹಿ ಹಾಕಿದಳು.

"ನಿಜವಾದ ಬೆವರಿಗೆ ಇದು ನಿಲ್ಲಲ್ಲ ಸ್ವಾಮಿ," ಎಂದು ಮೇಸ್ತ್ರಿ ಮ್ಯಾನೇಜರ ಕಿವಿಗೆ ಹಾಕಿದ.

ಮ್ಯಾನೇಜರು ಅವಳನ್ನು ಕರೆಸಿದರು. "ಒಂದು ಅಂಗಿ ಹೊಲಿಸಿ ಯಾರಿಗಾದ್ರೂ ತೊಡಿಸಮ್ಮ. ಮೈಗೆ ಬಣ್ಣ ಹತ್ತಿದ್ರೆ ನಾಳೆಯಿಂದ ಬರ್ಬೇಡ. ನಿನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ, ನೆನಪಿರ್ಲಿ."

ಗಿರಣಿಯಲ್ಲಿ ಎಲ್ಲರಿಗಿಂತ ಹೆಚ್ಚು ಬೆವರುವವರು ಬಾಯ್ಲರಿನವರು. ಅಲ್ಲಿ ಬೆಂಕಿ ನೋಡಿಕೊಳ್ಳುತ್ತಿದ್ದವರು ಅವಳ ಮಾವನೇ.

"ಕೊಡು ತಾಯಿ. ಸೊಸೆಗೋಸ್ಕರ ಇಷ್ಟೂ ಬೆವರದಿದ್ರೆ ನಾನೆಂಥ ಮಾವ?" ಎಂದು ತುಂಬುತೋಳಿನ ಅಂಗಿ ತೊಟ್ಟು ಬೆಂಕಿಯ ಬಾಯಿಗೆ ನಿಂತರು.

ಸಂಜೆ ಎಲ್ಲರೆದುರು ಅಂಗಿ, ಬನಿಯನ್ ಎರಡನ್ನೂ ಒಟ್ಟಿಗೇ ಕಳಚಿದರು. ಬೆನ್ನು ನೀಲಿ. ಹೊಟ್ಟೆ ನೀಲಿ. ಹೊಕ್ಕುಳಂತೂ ಮಸಿ ಕುಡಿಕೆ.

ಮೇಸ್ತ್ರಿ ಮೀಸೆ ತಿರುವಿದ. ಮಾವ ಪೆಚ್ಚಾಗಿ ಎರಡು ಕೈಯಲ್ಲಿ ಹೊಟ್ಟೆ ಮುಚ್ಚಿಕೊಂಡರು. ಆಗ ಅವಳ ಕಣ್ಣು ಆ ಕೈಗಳ ಮೇಲೆ ಬಿತ್ತು.

"ಮಾವಾ, ತೋಳು ಚಾಚಿ!"

ತೋಳುಗಳಿಂದ ಬೆವರು ತೊಟ್ಟಿಕ್ಕುತ್ತಿತ್ತು. ನೀಲಿ ಮಾತ್ರ ಒಂದು ಚುಕ್ಕೆಯೂ ಇಲ್ಲ.

"ಅಂಗಿಗೆ ತೋಳಿದೆ, ಬನಿಯನ್‌ಗೆ ಇಲ್ಲ," ಎಂದು ಅವಳು ಬನಿಯನ್ನನ್ನು ಬೋಗುಣಿಗೆ ಹಾಕಿ ಸೀಸೆಯ ಬೆವರು ಸುರಿದಳು. ನೀರು ಕಡುನೀಲಿಯಾಯಿತು.

"ನಿಮ್ಮತ್ತೆ ಕೆಲಸ," ಎಂದು ಮಾವ ಗೊಣಗಿದರು. "ಬೆಳ್ಳಗಾಗ್ಲಿ ಅಂತ ಒಗೆಯೋ ನೀರಿಗೆ ನೀಲಿಪುಡಿ ಮುಷ್ಟಿಗಟ್ಲೆ ಹಾಕ್ತಾಳೆ. ಬೇಡ ಅನ್ನೋಕೆ ನಂಗೆಲ್ಲಿದೆ ಧೈರ್ಯ?"

ಮೇಸ್ತ್ರಿಯ ಮೀಸೆ ಇಳಿಯಿತು. ಮ್ಯಾನೇಜರು ಅಲ್ಲೇ ಕೆಲಸ ಕಾಯಂ ಎಂದರು, ನಡೆದದ್ದನ್ನೆಲ್ಲ ವರದಿಯಲ್ಲಿ ಬರೆಯಲೂ ಹೇಳಿದರು. ಅವಳು ಬಿಡದೆ ಬರೆದಳು: ಬಟ್ಟೆ ಪಾಸ್, ಬನಿಯನ್ ಫೇಲ್.

ಸುದ್ದಿ ಅವಳಿಗಿಂತ ಮುಂಚೆ ಮನೆ ಸೇರಿತ್ತು. ಬಾಗಿಲಲ್ಲೇ ಅತ್ತೆ, ಸೊಂಟದ ಮೇಲೆ ಕೈ.

"ಮೂವತ್ತು ವರ್ಷದ ನನ್ನ ಒಗೆತಾನ ಫೇಲ್ ಮಾಡಿ ಬಂದ್ಯಂತೆ?"

ಸೊಸೆಯ ಹಣೆಯಲ್ಲಿ ಬೆವರು ಸಾಲುಗಟ್ಟಿತು. ಈ ಸಲ ಉಪ್ಪು, ಹುಳಿ ಯಾವುದನ್ನೂ ತೂಗಬೇಕಾಗಲಿಲ್ಲ.