ವೈಸು ಕಚ್ಚದ ಸಿಂಹ

ಇಪ್ಪತ್ತೆರಡು ವರ್ಷದಲ್ಲಿ ಗಂಡನ ಹೆಸರು ಹಿಡಿದು ಮಾತಾಡಿದವಳಲ್ಲ ನಾನು. ಮದುವೆಯಲ್ಲಿ ಒಡಪು ಹಾಕಿ, ಪದ್ಯದೊಳಗೆ ಹೆಸರು ಸೇರಿಸಿ, ಒಮ್ಮೆ ಹೇಳಿದ್ದೇ ಕೊನೆ. ಕುಕನೂರಿನ ಮಂದಿ ಮಾತ್ರ ಒಂದೇ ವಾರದಲ್ಲಿ ಆ ಹೆಸರಿಗೆ ‘ಖೋಟಾ’ ಅಂತ ಅಂಟಿಸಿಬಿಟ್ಟರು. ತಪ್ಪು ಯಾರದು? ಅರ್ಧ ನನ್ನದೇ.

ತೀರಿಹೋದ ಅತ್ತೆಯ ಎಲೆ-ಅಡಿಕೆ ಚೀಲದಲ್ಲಿ ಇಪ್ಪತ್ತು ಪೈಸೆಯ ಅಲ್ಯೂಮಿನಿಯಂ ನಾಣ್ಯವೊಂದು ಸಿಕ್ಕಿತು. ಒಂದು ಮುಖಕ್ಕೆ ಎಂದಿನ ಸಿಂಹ. ಇಪ್ಪತ್ತು ಅಂತ ಇರಬೇಕಾದ ಇನ್ನೊಂದು ಮುಖಕ್ಕೂ ಸಿಂಹವೇ, ಆದರೆ ತಗ್ಗಾಗಿ, ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಆಗಿ. ಇಂಥದಕ್ಕೆ ಬೆಲೆ ಇರುತ್ತದಂತೆ. ಕೊಪ್ಪಳಕ್ಕೆ ಒಯ್ಯುವ ಮೊದಲು ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿದೆ. ಹೊರಗಿನವರಿಗೆ ಕೊಳೆ ತೋರಿಸುವ ಮನೆಯೇ ನಮ್ಮದು?

ಹಳೆ ನಾಣ್ಯದ ವ್ಯಾಪಾರಿ ಸಿದ್ದಲಿಂಗೇಶ ನೋಡಿ ನಕ್ಕ. “ನಿಮ್ಮ ಯಜಮಾನ್ರು ಏನ್ ಮಾಡ್ತಾರವ್ವಾ?”

ವೆಲ್ಡಿಂಗ್ ಅಂಗಡಿ ಅಂದೆ.

“ಹಂಗಾರ ಕಬ್ಬಿಣ ಬಿಗಿಹಿಡಿಯೋ ವೈಸ್ ಐತಿ. ಎರಡು ನಾಣ್ಯ ಕೂಡಿಸಿ ಅದರಾಗ ಬಿಗಿದಾರ. ಹೊಳಪು ನೋಡ್ರಿ, ನಿನ್ನೆ ಮೊನ್ನೆ ಮಾಡಿದ್ದು.”

ಅಂಗಡಿಯಲ್ಲಿ ನಮ್ಮೂರಿನ ದ್ಯಾವಪ್ಪ ನಿಂತಿದ್ದ. ಅವನ ಬಾಯಿಗೆ ಬೀಗ ಹಾಕುವವರು ಯಾರು? ಮೂರನೇ ದಿನ, ಟ್ರ್ಯಾಲಿ ಮಾಡಿಸುತ್ತೇನೆ ಅಂದಿದ್ದ ಗಿರಾಕಿ ಬೇರೆ ಅಂಗಡಿಗೆ ಹೋದ. “ಖೋಟಾ ಮಂದಿ ಬೆಸುಗಿ ಹೆಂಗ ನಂಬೂದು?” ಅಂದನಂತೆ.

“ಬಿಡು, ಮಂದಿ ಬಾಯಿ,” ಅಂದರು ನನ್ನವರು. ಆದರೆ ಉಣ್ಣುತ್ತಿದ್ದ ತಟ್ಟೆ ಹಾಗೇ ಬಿಟ್ಟು ಎದ್ದರು. ನನಗೆ ಮೈಯೆಲ್ಲ ಉರಿಯಿತು. ವೈಸು ಕಚ್ಚಿದರೆ ಗುರುತು ಬಿಡದೆ ಇರುವುದಿಲ್ಲ, ಇಷ್ಟು ವರ್ಷ ಆ ಅಂಗಡಿಗೆ ಬುತ್ತಿ ಒಯ್ದವಳಿಗೆ ಅಷ್ಟು ತಿಳಿಯದೇ?

“ಅಂವಾ ಹೇಳಿದ್ದನ್ನ ಮಾಡಿ ತೋರಸೂಣು, ಏಳ್ರಿ,” ಅಂದೆ.

ಸಣ್ಣ ವೈಸನ್ನು ಗೋಣಿಚೀಲಕ್ಕೆ ಹಾಕಿ ಬಸ್ಸು ಹತ್ತಿದೆವು. ನನಗೆ ಫ್ರೀ ಟಿಕೆಟ್ಟು, ವೈಸಿಗೆ ಲಗೇಜ್ ಟಿಕೆಟ್ಟು. ದ್ಯಾವಪ್ಪನನ್ನೂ ಎಳೆದುಕೊಂಡು ಹೋದೆ. ಸುದ್ದಿ ಒಯ್ದವನೇ ವಾಪಸ್ ತರಲಿ.

ಸಿದ್ದಲಿಂಗೇಶನ ಹತ್ತಿರವೇ ಚಲಾವಣೆ ನಿಂತ ಇಪ್ಪತ್ತು ಪೈಸೆ ಎರಡು ಕೊಂಡೆ. ಒಂದರ ಸಿಂಹ ಇನ್ನೊಂದರ ಇಪ್ಪತ್ತಕ್ಕೆ ತಾಗುವಂತೆ ಇಟ್ಟು, ವೈಸಿನ ಹಿಡಿಗೆ ಪೈಪು ತೂರಿಸಿ ನನ್ನವರು ಬಿಗಿದರು. ಬಿಚ್ಚಿದಾಗ ಸಿಂಹ ತಗ್ಗಾಗಿ ಮೂಡಿತ್ತು. “ನಾ ಹೇಳಿದ್ನಲ್ಲಾ!” ಅಂದ ದ್ಯಾವಪ್ಪ.

“ತಡಿಯೋ,” ಅಂದೆ. “ಈ ಸಿಂಹದ ಕೆಳಗ ಇಪ್ಪತ್ತು ಇನ್ನೂ ಕಾಣ್ತೈತಿ, ಜಜ್ಜಿದ್ರೂ ಅಳಿದಿಲ್ಲ. ಹಿಂದಿನ ಮಗ್ಗಲ ಸಿಂಹದ ಮಾರಿ ಚಪ್ಪಟಿ ಆಗೇತಿ, ವೈಸಿನ ಹಲ್ಲಿನ ಗೀರು ಬಿದ್ದಾವು. ಈಗ ನಮ್ಮದು ಹಿಡೀರಿ. ಇಪ್ಪತ್ತರ ಸುಳಿವಿಲ್ಲ. ಹಿಂದಿನ ಸಿಂಹದ ಕೂದಲು ಸೈತ ನೆಟ್ಟಗ ಅದಾವು. ವೈಸ್ ಕಚ್ಚಿದ್ರ ಉಳೀತಿದ್ವೇನು?”

ಸಿದ್ದಲಿಂಗೇಶ ಭೂತಗನ್ನಡಿ ಹಿಡಿದು ಎರಡನ್ನೂ ತಿರುವಿ ತಿರುವಿ ನೋಡಿದ. ದನಿ ಇಳಿಯಿತು.

“ಟಂಕಸಾಲ್ಯಾಗ ಒಂದು ನಾಣ್ಯ ಅಚ್ಚಿಗೇ ಅಂಟಿ ಉಳಿದು, ಮುಂದಿನ ಖಾಲಿ ಬಿಲ್ಲಿಗೆ ಅದರ ಸಿಂಹ ಒತ್ತೇತಿ. ಖರೇ ಐತ್ರಿ. ತಿಕ್ಕಿ ಕೆಡಿಸೀರಿ, ಆದ್ರೂ ನಾಕು ಸಾವಿರ ಕೊಡ್ತೀನಿ.”

“ತಿಕ್ಕಿದ್ದು ನನ್ನ ತಪ್ಪು, ಒಪ್ಪಿದೆ. ನಾಣ್ಯ ಕೊಡೂದಿಲ್ಲ. ಇದು ಖೋಟಾ ಅಲ್ಲ ಅಂತ ಅಂಗಡಿ ಚೀಟಿ ಮ್ಯಾಲೆ ಬರೀರಿ. ಸಿಕ್ಕಾ ಹಾಕ್ರಿ.”

ಅವನು ಪೆನ್ನು ತೆಗೆದ. “ಮಾಲಕರ ಹೆಸರು?”

ನನ್ನವರು ಬಾಯಿ ತೆರೆದರು. ನಾನು ಕೈ ಅಡ್ಡ ಹಿಡಿದೆ. ದ್ಯಾವಪ್ಪನ ಕಣ್ಣಲ್ಲಿ ಕಣ್ಣಿಟ್ಟು, ಒಡಪಿಲ್ಲದೆ, ಬೀದಿಗೆಲ್ಲ ಕೇಳುವಂತೆ ಹೇಳಿದೆ:

“ಪಕೀರಪ್ಪ.”