ಆರೂ ಮನೆ ತುಂಬಿರುವ ಕಟ್ಟಡ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದರೇ ಹೊರತು ಮನೆ ಮಾರಿ ನೋಡು ಎಂದು ಹೇಳಲಿಲ್ಲ. ಅವರ ಕಾಲದಲ್ಲಿ ಗೊಂಚಲಕ್ಕನಂಥವರು ಇರಲಿಲ್ಲವಲ್ಲ, ಹೇಗೆ ಹೇಳಿಯಾರು?

ಗೊಂಚಲಕ್ಕ ಮನೆ ದಲ್ಲಾಳಿ. ದೊಡ್ಡ ಬಂಗಲೆ, ಹತ್ತಂತಸ್ತಿನ ಫ್ಲಾಟು ಅವಳ ಕೈಗೆ ಬರುವಂಥವಲ್ಲ. ಒಂದೇ ಮೆಟ್ಟಿಲಿಗೆ ನಾಲ್ಕೋ ಆರೋ ಬಾಡಿಗೆ ಮನೆ ಅಂಟಿಕೊಂಡಿರುವ ಸಣ್ಣ ಸಣ್ಣ ಕಟ್ಟಡಗಳನ್ನು, ಕೂಡಿಟ್ಟ ದುಡ್ಡನ್ನು ಎಲ್ಲಿ ಹಾಕೋಣ ಎಂದು ನಿದ್ದೆಗೆಡುವ ಮಂದಿಗೆ ಅವಳು ಮಾರಿಸುತ್ತಿದ್ದಳು. "ಬ್ಯಾಂಕಲ್ಲಿಟ್ರೆ ದುಡ್ಡು ಮಲಗಿರುತ್ತೆ ಸಾರ್. ಇಲ್ಲಿ ಹಾಕಿದ್ರೆ ಒಂದನೇ ತಾರೀಕು ತಾನೇ ಎದ್ದು ನಿಮ್ಮ ಬಾಗಿಲಿಗೆ ಬರುತ್ತೆ" ಎನ್ನುವುದು ಅವಳು ಎಲ್ಲರಿಗೂ ಹೇಳುತ್ತಿದ್ದ ಮೊದಲ ಮಾತು. ಸೊಂಟದಲ್ಲಿ ಸದಾ ತೂಗುತ್ತಿದ್ದ ಕೀಲಿಕೈ ಗೊಂಚಲಿನಿಂದ ಆ ಅಡ್ಡಹೆಸರು ಬಂದಿತ್ತು. ಅರ್ಧ ಊರಿನ ಮನೆಗಳ ಕೀಲಿ ಅದರಲ್ಲಿತ್ತು. ಅವಳದೇ ಮನೆ ಮಾತ್ರ ಒಂದು ಕೋಣೆಯದು; ಗಂಡ, ಅತ್ತೆ, ಅವಳು ಮೂವರೂ ಮಲಗಿದರೆ ಬಾಗಿಲು ತೆರೆಯಲು ಒಬ್ಬರು ಎದ್ದು ನಿಲ್ಲಬೇಕು.

ಆ ಕಸುಬಿನಲ್ಲಿ ಖಾಲಿ ಮನೆ ಎಂದರೆ ಅಪಶಕುನ. ಕೊಳ್ಳಲು ಬಂದವನಿಗೆ ಆರರಲ್ಲಿ ಒಂದು ಮನೆಗೆ ಬೀಗ ಕಂಡರೆ ಸಾಕು, ತುಂಬಿದ ಐದನ್ನು ಮರೆತು ಆ ಒಂದರ ಹಿಂದೆ ಬೀಳುತ್ತಾನೆ. ಯಾಕೆ ಖಾಲಿ? ನೀರಿಲ್ಲವೇ? ಯಾರಾದರೂ ಸತ್ತರೇ? ಅದಕ್ಕೇ ಗೊಂಚಲಕ್ಕ ಖಾಲಿ ಮನೆಯನ್ನು ತುಂಬುತ್ತಿದ್ದಳು. ಬಾಗಿಲ ಮುಂದೆ ಎರಡು ಜೊತೆ ಹಳೇ ಚಪ್ಪಲಿ, ಹಗ್ಗದ ಮೇಲೆ ಹಸಿ ಟವೆಲು, ಕಿಟಕಿಯಲ್ಲಿ ಹಲ್ಲುಜ್ಜುವ ಬ್ರಷ್ಷು. ಗಿರಾಕಿ ಬರುವ ಹೊತ್ತಿಗೆ ಸರಿಯಾಗಿ ಒಳಗೆ ಸಣ್ಣ ಸ್ಟೌ ಹಚ್ಚಿ ಒಂದು ಈರುಳ್ಳಿ ಹೆಚ್ಚಿ ಹುರಿಯುವಳು. ಹುರಿದ ಈರುಳ್ಳಿಯ ವಾಸನೆ ಬಂದ ಮನೆಯಲ್ಲಿ ಜನ ಇಲ್ಲ ಎಂದು ಯಾವ ಗಂಡಸೂ ಈವರೆಗೆ ಅನುಮಾನಪಟ್ಟದ್ದಿಲ್ಲ. "ಕೆಲಸಕ್ಕೆ ಹೋಗಿದಾರೆ ಸಾರ್, ಈಗ ತಾನೇ ಅಡುಗೆ ಮುಗಿಸಿ ಹೋದ್ರು" ಎಂದರೆ ಮುಗಿಯಿತು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರಲ್ಲ, ಗೊಂಚಲಕ್ಕನ ಮನೆಯ ಒಲೆ ಉರಿಯುತ್ತಿದ್ದದ್ದು ಆ ಬಾಯಿಯಿಂದಲೇ.

ಮರದ ಡಿಪೋ ಮಾಲೀಕನ ಆರು ಮನೆಯ ಕಟ್ಟಡ ಮಾರಾಟಕ್ಕೆ ಬಂದಾಗ ಅವಳ ತಮ್ಮ ಬೀದಿಗೆ ಬೀಳುವುದರಲ್ಲಿದ್ದ. ತಮ್ಮ ಲಿಫ್ಟ್ ಮೆಕ್ಯಾನಿಕ್. ಲಿಫ್ಟಿನ ಗುಂಡಿಗೆ ಬಿದ್ದು ಕಾಲು ಮುರಿದುಕೊಂಡ; ಮೂಳೆ ಕೂಡಿತು, ಕಾಲು ಗಿಡ್ಡವಾಯಿತು, ಕೆಲಸ ಹೋಯಿತು. ಅವನೂ ಹೆಂಡತಿಯೂ ಇದ್ದದ್ದು ಅರ್ಧ ನೆಲದೊಳಗೆ ಹುದುಗಿದ ಒಂದು ಕೋಣೆಯಲ್ಲಿ. ಗೋಡೆ ವರ್ಷವಿಡೀ ಬೆವರುತ್ತಿತ್ತು. ಹೆಂಡತಿಗೆ ಉಬ್ಬಸ. ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಅವಳು ಗೋಡೆಗೆ ದಿಂಬಿಟ್ಟು ಕೂತೇ ನಿದ್ದೆ ಮಾಡುತ್ತಿದ್ದಳು. ಆ ಕೋಣೆಯೂ ಬೇರೆಯವರಿಗೆ ಬೇಕು ಎಂದು ಅದರ ಮಾಲೀಕ ಹೇಳಿ ಕಳಿಸಿದ್ದ.

ಡಿಪೋ ಮಾಲೀಕನ ಕಟ್ಟಡದಲ್ಲಿ ನೆಲಮಟ್ಟದ ಹಿಂದಿನ ಮನೆ ಖಾಲಿಯಿತ್ತು. ಎರಡು ಕೋಣೆ, ಹಿಂದೆ ಚಿಕ್ಕ ಅಂಗಳ, ಬೆಳಗಾಗುತ್ತಲೇ ಕೋಣೆಯೊಳಗೇ ನಡೆದು ಬರುವ ಬಿಸಿಲು. ಗೊಂಚಲಕ್ಕನಿಗೆ ಯೋಚನೆ ಹೊಳೆಯಿತು. ಹಳೇ ಚಪ್ಪಲಿ ಇಟ್ಟು ತುಂಬುವುದರ ಬದಲು ನಿಜವಾದ ಜನರನ್ನೇ ಇಟ್ಟರೆ?

"ಇರಲಿ. ಆದ್ರೆ ಮಾರಾಟ ಆದ ಮೇಲೆ ತಕರಾರಿಲ್ಲದೆ ಬಿಡ್ತೀವಿ ಅಂತ ಬರೆದುಕೊಡು" ಎಂದ ಡಿಪೋ ಮಾಲೀಕ. ಬರೆದುಕೊಟ್ಟಳು. ಕೊಂಡವರಿಗೆ ಬಾಡಿಗೆಯವರು ಬೇಕೇ ಬೇಕಲ್ಲ, ಇವರನ್ನೇ ಮುಂದುವರಿಸಿದರಾಯಿತು ಎಂಬುದು ಅವಳ ಲೆಕ್ಕ. ತಮ್ಮನಿಗೂ ಹಾಗೇ ಮಾತು ಕೊಟ್ಟಳು. "ಯಾರಾದ್ರೂ ಕೇಳಿದ್ರೆ ಆರು ವರ್ಷದಿಂದ ಇದೀವಿ ಅನ್ನಿ. ನಾನು ನಿಮಗೆ ದಲ್ಲಾಳಿ, ಅಕ್ಕ ಅಲ್ಲ. ಮಿಕ್ಕಿದ್ದು ನನಗೆ ಬಿಡಿ."

ಗಂಡ ಹೆಂಡತಿ ಇಬ್ಬರೂ ಆ ಮನೆಗೆ ಬಂದದ್ದು ನಾಟಕಕ್ಕೆ. ಆದರೆ ಬದುಕಲು ಜಾಗ ಸಿಕ್ಕಿದ ಮನುಷ್ಯ ಎಷ್ಟು ದಿನ ನಾಟಕವಾಡಿಯಾನು? ಸುಮ್ಮನೆ ಕೂರುವ ಜನ್ಮವಲ್ಲ ತಮ್ಮನದು. ನಲ್ಲಿಯ ಸೋರಿಕೆ ನಿಲ್ಲಿಸಿದ, ಮೆಟ್ಟಿಲ ದೀಪ ಸರಿಮಾಡಿದ, ಮೆಟ್ಟಿಲ ಪಕ್ಕ ಅಲ್ಲಾಡುತ್ತಿದ್ದ ಕಂಬಿಯನ್ನು ಬಿಗಿಮಾಡಿದ. ಮೇಲಿನ ಮನೆಯವರ ಟ್ಯಾಂಕು ತುಂಬಿ ಚೆಲ್ಲಿದರೆ ಕುಂಟುತ್ತ ಓಡುವವನೂ ಅವನೇ. ಹೆಂಡತಿ ಒಡೆದ ಬಕೆಟ್ಟುಗಳಲ್ಲಿ ಗಿಡ ನೆಟ್ಟಳು, ಕಿಟಕಿಗೆ ಹಳದಿ ಪರದೆ ಹೊಲಿದಳು. ಒಂದು ದಿನ ಗೊಂಚಲಕ್ಕ ಬಂದಾಗ ಅಂಗಳದಲ್ಲಿ ಚಾಪೆ ಒಣಗಿಸುತ್ತ, ಯಾರಿಗೂ ಹೇಳಬಾರದ ಗುಟ್ಟಿನಂತೆ ಹೇಳಿದಳು: "ಅತ್ತಿಗೆ, ನಾನೀಗ ಮಲಗಿ ನಿದ್ದೆ ಮಾಡ್ತೀನಿ."

ಗೊಂಚಲಕ್ಕನ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ಮನೆ ಮಾರಿಸಿ ತಾನು ಮಾಡಿದ ಒಳ್ಳೆಯ ಕೆಲಸ ಇದೊಂದೇ ಎಂದುಕೊಂಡಳು. ಹಾಗಂದುಕೊಂಡು ಸುಮ್ಮನಾದಳು. ಜಾಣೆಗೆ ಮುಂದಿನದು ಹೊಳೆಯಬೇಡವೇ? ಹೊಳೆಯಲಿಲ್ಲ.

ಕೊಳ್ಳಲು ಬಂದವರು ಹಲ್ಲಿನ ಡಾಕ್ಟರು. ಮೆಲುಮಾತಿನ ಮನುಷ್ಯ, ಗೋಡೆಯನ್ನೂ ಹಲ್ಲಿನ ಹಾಗೆ ಬೆರಳಲ್ಲಿ ತಟ್ಟಿ ನೋಡುವವರು. ಐದು ಮನೆ ನೋಡಿ ಹಿಂದಿನ ಮನೆಗೆ ಬಂದು ಹೊಸ್ತಿಲಲ್ಲೇ ನಿಂತರು. ಪರದೆ ದಾಟಿ ಬಿಸಿಲು ನೆಲದ ಮೇಲೆ ಬಿದ್ದಿತ್ತು.

"ಎಷ್ಟು ವರ್ಷದಿಂದ ಇದೀರಿ?"

"ಆರು ವರ್ಷ ಆಯ್ತು ಸಾರ್" ಎಂದ ತಮ್ಮ, ಕಣ್ಣು ಮಿಟುಕಿಸದೆ.

"ನೀರು?"

"ಒಂದು ದಿನಾನೂ ನಿಂತಿಲ್ಲ ಸಾರ್" ಎಂದಳು ಹೆಂಡತಿ. ಗಂಡ ಒಂದು ಸುಳ್ಳು ಹೇಳಿದರೆ ಅವಳು ಎರಡು ಸೇರಿಸಿದಳು. ಆ ದೊಡ್ಡ ಮಳೆ ಬಂದ ವರ್ಷವೂ ಗೋಡೆ ತೇವ ಆಗಿರಲಿಲ್ಲವಂತೆ, ಬಂದ ಹೊಸತರಲ್ಲಿ ಈ ಅಂಗಳದಲ್ಲಿ ಒಂದು ಬೆಕ್ಕು ಮರಿ ಹಾಕಿತ್ತಂತೆ! ಗೊಂಚಲಕ್ಕ ಪಕ್ಕದಲ್ಲಿ ನಿಂತು ಬೆರಗಾದಳು. ಇವಳನ್ನು ಮೊದಲೇ ಕಸುಬಿಗೆ ಸೇರಿಸಿಕೊಳ್ಳಬೇಕಿತ್ತು ಎಂದು ಒಳಗೊಳಗೇ ನಕ್ಕಳು ಕೂಡ.

ಆಗ, ಎಲ್ಲ ಸುಳ್ಳೂ ಮುಗಿದ ಮೇಲೆ, ಹೆಂಡತಿ ಒಂದು ನಿಜ ಹೇಳಿದಳು. "ನನಗೆ ಉಬ್ಬಸ ಇತ್ತು ಸಾರ್. ಕೂತೇ ನಿದ್ದೆ ಮಾಡ್ತಿದ್ದೆ. ಈ ಮನೆಗೆ ಬಂದ ಮೇಲೆ ಮಲಗೋ ಹಾಗಾಯ್ತು. ಈ ಬಿಸಿಲಿಗೇ."

ಡಾಕ್ಟರು ಅವಳನ್ನು ನೋಡಿದರು. ಬಿಸಿಲನ್ನು ನೋಡಿದರು.

ಗೇಟಿನ ಹತ್ತಿರ ಬಂದು ಗೊಂಚಲಕ್ಕನಿಗೆ ಹೇಳಿದರು: "ಬಿಲ್ಡಿಂಗ್ ತಗೋತೀನಿ. ಚೌಕಾಸಿ ಮಾಡಲ್ಲ. ಆದ್ರೆ ಆ ಹಿಂದಿನ ಮನೆ ಮಾತ್ರ ನನಗೆ ಖಾಲಿ ಬೇಕು. ನನ್ನ ಅಮ್ಮನಿಗೂ ಉಬ್ಬಸ. ಮೆಟ್ಟಿಲು ಹತ್ತೋಕಾಗಲ್ಲ. ಇಂಥದೊಂದು ಮನೇನ ಎಷ್ಟು ದಿನದಿಂದ ಹುಡುಕ್ತಿದ್ದೆ ಗೊತ್ತಾ?"

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಇಲ್ಲಿ ಬಾಯಿಗೆ ಬಂದದ್ದನ್ನೇ ಕಿತ್ತುಕೊಂಡ ಹಾಗಾಯಿತು. ಬೈಯೋಣವೆಂದರೆ ಆ ಮನುಷ್ಯ ಕೆಟ್ಟವನೂ ಅಲ್ಲ. ತಾಯಿಗೆ ಉಸಿರು ಬೇಕು ಎಂದು ಕೇಳುವ ಮಗನಿಗೆ ಯಾವ ಬಾಯಲ್ಲಿ ಬೈಯುವುದು?

ಗೊಂಚಲಕ್ಕ ಎರಡು ದಿನ ಊಟ ಬಿಟ್ಟಳು. ಆಮೇಲೆ ಡಾಕ್ಟರ ಕ್ಲಿನಿಕ್ಕಿಗೇ ಹೋದಳು. ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ಒಬ್ಬನನ್ನು ಹಾಗೇ ಬಿಟ್ಟು ಅವರು ಹೊರಗೆ ಬಂದರು.

"ಹಿಂದಿನ ಮನೆಯೋರು ಬಿಡಲ್ಲ ಅಂತಿದಾರೆ ಡಾಕ್ಟ್ರೇ. ಆರು ವರ್ಷದಿಂದ ಇದಾರಲ್ಲ."

"ಅಗ್ರಿಮೆಂಟ್ ಇದ್ಯಲ್ಲ? ತನ್ನಿ, ಅದರ ಪ್ರಕಾರ ಎಷ್ಟು ಸಮಯ ಕೊಡಬೇಕೋ ಕೊಡೋಣ. ನಾನು ಯಾರನ್ನೂ ಬೀದಿಗೆ ಹಾಕೋನಲ್ಲ."

ಎಲ್ಲಿಯ ಅಗ್ರಿಮೆಂಟು! ಇದ್ದದ್ದು ಮಾಲೀಕನ ಹತ್ತಿರ ಅವಳೇ ಬರೆದುಕೊಟ್ಟ ಚೀಟಿ. ಆರು ವರ್ಷ ಸುಳ್ಳು, ಅವನು ನನ್ನ ತಮ್ಮ ಎಂದು ಹೇಳಿಬಿಟ್ಟರೆ ಡಾಕ್ಟರು ಮಿಕ್ಕ ಐದು ಮನೆಯನ್ನೂ ನಂಬುವುದಿಲ್ಲ, ವ್ಯಾಪಾರ ಮುರಿಯುತ್ತದೆ. ಮಾಲೀಕ ಬೇರೆ ದಲ್ಲಾಳಿಯನ್ನು ಹಿಡಿಯುತ್ತಾನೆ, ಚೀಟಿ ತೋರಿಸಿ ಅವರಿಬ್ಬರನ್ನು ಅವತ್ತೇ ಹೊರಹಾಕುತ್ತಾನೆ. ಸುಮ್ಮನಿದ್ದರೂ ಮನೆ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ.

ಅವಳ ಮುಖ ನೋಡಿ ಡಾಕ್ಟರು ಮೆತ್ತಗೆ ಕೇಳಿದರು: "ಅವರು ನಿಮಗೆ ಬೇಕಾದವರಾ?"

ಹೌದು ಅನ್ನಲು ಒಂದು ಕ್ಷಣ ಸಾಕಿತ್ತು. ಆದರೆ ಆ ಬಾಯಿ ಇಪ್ಪತ್ತು ವರ್ಷ ಬೇರೆಯದೇ ಪಾಠ ಕಲಿತದ್ದು. "ಅಯ್ಯೋ, ಇಲ್ಲ ಡಾಕ್ಟ್ರೇ. ಬಾಡಿಗೆಯೋರು ಅಷ್ಟೇ" ಎಂದುಬಿಟ್ಟಳು.

ವಿಷಯ ಹೇಳಲು ಹೋದಾಗ ತಮ್ಮ ಅಂಗಳದ ಬಾಗಿಲಿಗೆ ಹೊಸ ಚಿಲಕ ಹಾಕುತ್ತಿದ್ದ. "ಸಹಿ ಆಯ್ತಾ ಅಕ್ಕ? ಹೊಸ ಓನರ್ ಬಂದ್ರೆ ಚಿಲಕ ಮುರಿದಿದೆ ಅನ್ನಬಾರದಲ್ಲ" ಎಂದ. ಅವಳು ಹೇಳಿದಳು. ಅವನು ಕೇಳಿಸಿಕೊಂಡ. ಚಿಲಕದ ಕೊನೆಯ ಸ್ಕ್ರೂ ಅರ್ಧ ಒಳಗೆ ಹೋಗಿತ್ತು. ಅದನ್ನು ಪೂರ್ತಿ ತಿರುಗಿಸಿ ಎದ್ದ.

"ನಾನು ಆ ಮಾತು ಹೇಳ್ದೇ ಇದ್ದಿದ್ರೆ?" ಎಂದಳು ಅವನ ಹೆಂಡತಿ.

"ನೀನು ಹೇಳ್ದೇ ಇದ್ದಿದ್ರೂ ಬಿಸಿಲು ಅವರ ಕಣ್ಣಿಗೆ ಬೀಳ್ತಿತ್ತು ಬಿಡು" ಎಂದಳು ಗೊಂಚಲಕ್ಕ. ಅದು ಸುಳ್ಳು ಎಂದು ಇಬ್ಬರಿಗೂ ಗೊತ್ತಿತ್ತು.

"ನಿಮ್ಮ ವ್ಯಾಪಾರ ಆಗ್ಲಿ ಅಂತ ಹೇಳ್ದೆ ಅತ್ತಿಗೆ. ನಿಮಗೆ ಒಳ್ಳೇದಾಗ್ಲಿ ಅಂತ."

ಗೊಂಚಲಕ್ಕ ತಲೆಯ ಮೇಲೆ ಕೈ ಹೊತ್ತು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅವರಿಬ್ಬರೂ ಬೈದಿದ್ದರೆ ಅವಳು ಬದುಕುತ್ತಿದ್ದಳು.

ಅವರು ಸಾಮಾನು ಗಾಡಿಗೇರಿಸುತ್ತಿದ್ದ ಬೆಳಿಗ್ಗೆಯೇ ಡಾಕ್ಟರ ತಾಯಿ ಕಾರಿನಲ್ಲಿ ಬಂದಿಳಿದರು. ನಾಲ್ಕು ಹೆಜ್ಜೆಗೆ ಒಮ್ಮೆ ನಿಂತು ಉಸಿರೆಳೆದುಕೊಳ್ಳುವ ಸಣ್ಣ ಜೀವ. ತಮ್ಮನ ಹೆಂಡತಿ ಗಂಟು ಕೆಳಗಿಟ್ಟು ಅವರ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದಳು. "ಮಂಚ ಇಲ್ಲಿ ಹಾಕಿಸಿ ಅಮ್ಮಾ. ಬಿಸಿಲು ಮೊದಲು ಇಲ್ಲಿಗೇ ಬರುತ್ತೆ" ಎಂದಳು. ಮುದುಕಿ ಅವಳ ಕೆನ್ನೆ ಮುಟ್ಟಿ, "ನೀನ್ಯಾಕೆ ಬಿಟ್ಟು ಹೋಗ್ತಿದೀಯೆ, ಮಗಳೇ?" ಎಂದರು. ಅವಳು ನಕ್ಕು, ಪರದೆ ಬಿಚ್ಚಲು ಮರೆತವಳಂತೆ ಹೊರಗೆ ಬಂದಳು.

ಕೆಲಸವಿಲ್ಲದ, ಕುಂಟುವ ಗಂಡ, ಕೆಮ್ಮುವ ಹೆಂಡತಿ. ಯಾರು ಮನೆ ಕೊಡುತ್ತಾರೆ? ಗೊಂಚಲಕ್ಕ ಕೇಳದ ಬಾಗಿಲಿಲ್ಲ. ಕೊನೆಗೆ ಉಳಿದದ್ದು ಅವಳದೇ ಗೊಂಚಲಿನ ಇನ್ನೊಂದು ಕೀಲಿ. ಮಾರಾಟಕ್ಕಿದ್ದ ನಾಲ್ಕು ಮನೆಯ ಕಟ್ಟಡವೊಂದರಲ್ಲಿ, ಮೋರಿಯ ಕಡೆ ಮುಖ ಮಾಡಿದ ಖಾಲಿ ಮನೆ. ಎದುರಿಗೆ ಗೋದಾಮಿನ ಎತ್ತರದ ಗೋಡೆ, ಬಿಸಿಲು ಅದರಾಚೆಯೇ ಮುಗಿದುಹೋಗುತ್ತಿತ್ತು. ಒಳಗೋಡೆಯ ಸುಣ್ಣ ಕೈ ತಾಗಿದರೆ ಉದುರುತ್ತಿತ್ತು. ತಮ್ಮ ಏನು ತೇಪೆ ಹಾಕಿದರೂ ನಿಲ್ಲಲಿಲ್ಲ. ಬಂದ ವಾರದಲ್ಲೇ ಹೆಂಡತಿ ದಿಂಬನ್ನು ಮತ್ತೆ ಗೋಡೆಗಿಟ್ಟಳು.

ಗಿರಾಕಿ ಸಿಕ್ಕಿದ. ಟೈರ್ ಅಂಗಡಿಯವನು, ದಪ್ಪ ಉಂಗುರಗಳ ಮನುಷ್ಯ. ಮೂರು ಮನೆ ತೋರಿಸಿ ಗೊಂಚಲಕ್ಕ ಈ ಮನೆಗೆ ಕರೆತಂದಳು. ತಮ್ಮ ಎದ್ದು ನಿಂತ, ಆರು ವರ್ಷ ಎಂದ. ಧ್ವನಿಯಲ್ಲಿ ಸತ್ವವಿರಲಿಲ್ಲ.

"ಮನೆ ಹೇಗಿದೆಯಮ್ಮಾ?" ಎಂದು ಟೈರ್ ಅಂಗಡಿಯವನು ಗೋಡೆಗೊರಗಿ ಕೂತಿದ್ದವಳನ್ನು ಕೇಳಿದ.

ಅವಳು ಗೊಂಚಲಕ್ಕನನ್ನು ನೋಡಿದಳು. ಆಮೇಲೆ ಅವನನ್ನು ನೋಡಿ ಹೇಳಿದಳು: "ಈ ಗೋಡೆ ಮುಟ್ಟಿ ನೋಡಿ ಸಾರ್. ಇಲ್ಲಿ ಮಲಗೋಕಾಗಲ್ಲ. ಉಸಿರು ಕಟ್ಟುತ್ತೆ. ಯಾರಿಗೂ ಬೇಡ ಈ ಮನೆ."

ಗೊಂಚಲಕ್ಕನಿಗೆ ತಕ್ಷಣ ಅರ್ಥವಾಯಿತು. ಮನೆ ಮಾರಿಹೋಗದಿದ್ದರೆ ಇವರು ಇಲ್ಲೇ ಇರಬಹುದು. ಕೊಲ್ಲುವ ಮನೆಯಾದರೂ ಸೂರು ಸೂರೇ. ತಮ್ಮನ ಹೆಂಡತಿ ಅತ್ತಿಗೆಯನ್ನು ಕೇಳುತ್ತಿದ್ದದ್ದು ಇಷ್ಟೇ: ಈ ಸಲ ಸುಮ್ಮನಿರಿ. ಬೇರೇನೂ ಮಾಡಬೇಡಿ.

ಟೈರ್ ಅಂಗಡಿಯವನು ಗೋಡೆ ಮುಟ್ಟಿ, ಬೆರಳು ಮೂಸಿ, ಮುಖ ಹುಳ್ಳಗೆ ಮಾಡಿದ. ಹೊರಡಲು ತಿರುಗಿಯೂಬಿಟ್ಟ.

"ಅದು ಅವರಿಗೆ ಮೊದಲಿಂದ ಇರೋ ಕಾಯಿಲೆ ಸಾರ್, ಗೋಡೆ ತಪ್ಪಲ್ಲ" ಎಂದಿತು ಗೊಂಚಲಕ್ಕನ ಬಾಯಿ. ಅವಳು ಕೇಳಿಸಿಕೊಂಡಳು, ಬೇರೆ ಯಾರೋ ಮಾತಾಡಿದ ಹಾಗೆ. ಅದು ನಿಲ್ಲಲಿಲ್ಲ. "ಹೇಗೂ ಮುಂದಿನ ತಿಂಗಳು ಬಿಡ್ತಿದಾರೆ. ಒಂದು ಕೈ ಬಣ್ಣ ಹೊಡೆಸಿದ್ರೆ ಇದೇ ಮನೆ ಜಾಸ್ತಿ ಬಾಡಿಗೆಗೆ ಹೋಗುತ್ತೆ."

ಟೈರ್ ಅಂಗಡಿಯವನು ನಿಂತ. ತಮ್ಮ ಅಕ್ಕನನ್ನು ನೋಡಲಿಲ್ಲ, ಕಿಟಕಿಯ ಕಡೆ ತಿರುಗಿಕೊಂಡ. ಕಿಟಕಿಯಲ್ಲಿ ನೋಡಲು ಗೋದಾಮಿನ ಗೋಡೆ ಬಿಟ್ಟರೆ ಏನೂ ಇರಲಿಲ್ಲ. ಗೊಂಚಲಕ್ಕ ಬಾಯಿಗೆ ಕೈ ಅಡ್ಡ ಹಿಡಿದಳು. ಆಡಿದ ಮೇಲೆ ಹಿಡಿದು ಏನು ಬಂತು?

ತಮ್ಮನ ಹೆಂಡತಿ ಗೋಡೆ ಹಿಡಿದು ಎದ್ದಳು. ಬಾಗಿಲಲ್ಲಿ ಅಡ್ಡಾದಿಡ್ಡಿ ಬಿದ್ದಿದ್ದ ಎರಡು ಜೊತೆ ಚಪ್ಪಲಿಯನ್ನು ಬಗ್ಗಿ ನೇರ ಮಾಡಿ ಅಡುಗೆಮನೆಗೆ ಹೋದಳು. ಸ್ಟೌ ಹಚ್ಚಿದ ಸದ್ದು ಕೇಳಿತು, ಕೆಮ್ಮು ಕೇಳಿತು, ಮತ್ತೆ ಕೆಮ್ಮು. ಆಮೇಲೆ ಈರುಳ್ಳಿ ಹುರಿಯುವ ವಾಸನೆ ಬಂತು.

ಟೈರ್ ಅಂಗಡಿಯವನು ಮೂಗರಳಿಸಿದ. "ಪರವಾಗಿಲ್ಲ, ಜನ ಇರೋ ಮನೆ" ಎಂದ.